ಶ್ರೀನಗರ, ಪೂಂಛ್, ಲೇಹ್: 12ನೇ ಸ್ಕ್ವಾಡ್ರನ್‌ನ ಡಕೋಟಾಗಳು, 1947-48

ಡಕೋಟಾಪ್ರಿಯ

ಎಲ್ಲರಿಗೂ ನಮಸ್ಕಾರ. ವಾಯುಪಡೆಯ ಯುದ್ಧದ ಕಥೆ ಅಂದರೆ ನಮ್ಮಲ್ಲಿ ಫೈಟರ್ ವಿಮಾನಗಳ ಮಾತೇ ಜಾಸ್ತಿ. ಯಾರು ಯಾರನ್ನು ಹೊಡೆದರು, ಎಷ್ಟು ಬಿದ್ದವು, ಅದೇ ಲೆಕ್ಕ. ಅಕ್ಕಿ, ಗುಂಡು, ಜನರನ್ನು ಹೊತ್ತು ಹಾರಿದವರ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಇದು ನನಗೆ ತುಂಬಾ ದಿನದಿಂದ ಬೇಸರದ ವಿಷಯ. ಅದಕ್ಕೇ 12ನೇ ಸ್ಕ್ವಾಡ್ರನ್ ಬಗ್ಗೆ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಈ ಸ್ಕ್ವಾಡ್ರನ್ ಹುಟ್ಟಿದ್ದು 1945ರ ಡಿಸೆಂಬರ್‌ನಲ್ಲಿ, ಕೊಹಾಟ್‌ನಲ್ಲಿ. ಮೊದಲು ಇದ್ದದ್ದು ಸ್ಪಿಟ್‌ಫೈರ್ ಫೈಟರ್. ಆಮೇಲೆ ಎರಡು ಎಂಜಿನ್‌ನ ಸಾಗಣೆ ವಿಮಾನ ಡಕೋಟಾ ಬಂತು. ದೇಶ ಭಾಗವಾದಾಗ ವಾಯುಪಡೆಯೂ ಭಾಗವಾಯಿತು. ಭಾರತದ ಪಾಲಿಗೆ ಬಂದದ್ದು ಏಳು ಫೈಟರ್ ಸ್ಕ್ವಾಡ್ರನ್, ಒಂದೇ ಒಂದು ಸಾಗಣೆ ಸ್ಕ್ವಾಡ್ರನ್. ಆ ಒಂದು ಇದೇ. ಸ್ವಾತಂತ್ರ್ಯ ಬಂದ ಕೂಡಲೇ ಪಂಜಾಬಿನ ನಿರಾಶ್ರಿತರನ್ನು ಕರೆತರುವ ಕೆಲಸ ಇವರ ತಲೆ ಮೇಲೆ ಬಿತ್ತು. ಅದರ ಸುಸ್ತು ಇಳಿಯುವ ಮೊದಲೇ ಕಾಶ್ಮೀರ, ಪಾಕಿಸ್ತಾನದ ಕಡೆಯಿಂದ ದಾಳಿಕೋರರು ಅಲ್ಲಿಗೆ ನುಗ್ಗಿದ್ದರು.

1947ರ ಅಕ್ಟೋಬರ್ 26ರಂದು ಮಹಾರಾಜ ಹರಿಸಿಂಗ್ ವಿಲೀನ ಪತ್ರಕ್ಕೆ ಸಹಿ ಹಾಕಿದರು. ಮರುದಿನ ಬೆಳಗ್ಗೆ ಡಕೋಟಾಗಳು ದೆಹಲಿಯಿಂದ ಹೊರಟವು. ಸ್ಕ್ವಾಡ್ರನ್‌ನ ಮುಖ್ಯಸ್ಥ ವಿಂಗ್ ಕಮಾಂಡರ್ ಕೆ. ಎಲ್. ಭಾಟಿಯಾ. ಒಳಗೆ ಕೂತವರು ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರೈ ಮತ್ತು ಅವರ 1 ಸಿಖ್ ಬೆಟಾಲಿಯನ್‌ನ ಸೈನಿಕರು. ಶ್ರೀನಗರದ ವಿಮಾನಪಟ್ಟಿ ಯಾರ ಕೈಯಲ್ಲಿದೆ ಅನ್ನುವುದೇ ಹೊರಟವರಿಗೆ ಖಚಿತವಾಗಿ ಗೊತ್ತಿರಲಿಲ್ಲ. ಪಟ್ಟಿಯ ಮೇಲೆ ಒಂದು ಸುತ್ತು ಹೊಡೆದು ನೋಡಿ, ಶತ್ರು ಕೈಸೇರಿದೆ ಅನ್ನಿಸಿದರೆ ಇಳಿಯದೆ ಜಮ್ಮುವಿಗೆ ಹೋಗಿ, ಅಂತ ಆದೇಶ. ಒಂದು ಯುದ್ಧದ ಆರಂಭವೇ ಹೀಗೆ, ಕಿಟಕಿಯಿಂದ ಕೆಳಗೆ ನೋಡಿ ತೀರ್ಮಾನ ಮಾಡುವುದು. ಅದನ್ನು ಓದುವಾಗೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪಟ್ಟಿ ಖಾಲಿ ಇತ್ತು. ಇಳಿದರು. ಆ ಮೊದಲ ದಿನ 28 ಹಾರಾಟಗಳಾದವು. ನವೆಂಬರ್ 17ರ ಹೊತ್ತಿಗೆ ದೆಹಲಿಯಿಂದ ಆದ ಹಾರಾಟಗಳು 704.

ನನ್ನ ಮಾತು ಇಷ್ಟೇ. ಸಾಗಣೆ ಸ್ಕ್ವಾಡ್ರನ್‌ನ ಯುದ್ಧವನ್ನು ಅದು ತೆರೆದಿಟ್ಟ ವಿಮಾನಪಟ್ಟಿಗಳಿಂದ ಅಳೆಯಬೇಕು. ಆ ಒಂದು ವರ್ಷದಲ್ಲಿ ಪಟ್ಟಿ ಇದ್ದ ಊರು ಉಳಿಯಿತು, ಪಟ್ಟಿ ಇಲ್ಲದ ಊರು ಹೋಯಿತು. ನೀವೇನಂತೀರಿ?

ಹಳೇ ಫಿಟ್ಟರ್

ತುಂಬಾ ಸಂತೋಷ ಆಯ್ತು ಇದನ್ನು ಓದಿ. ನಾನು ವಾಯುಪಡೆಯಲ್ಲಿ ಸಾಗಣೆ ವಿಮಾನಗಳ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಡಕೋಟಾ ಕಾಲ ನನ್ನದಲ್ಲ. ಆದರೆ ನಮಗೆ ಕಲಿಸಿದ ಹಿರಿಯರು ಡಕೋಟಾ ಮೇಲೆ ಕೈ ಕಪ್ಪು ಮಾಡಿಕೊಂಡವರು.

28 ಹಾರಾಟ ಅಂತ ಬರೆದಿರಿ. ನೆಲದಲ್ಲಿ ನಿಂತವನ ಕಣ್ಣಿಂದ ಅದನ್ನು ಒಮ್ಮೆ ನೋಡಿ. ದೆಹಲಿಯಿಂದ ಶ್ರೀನಗರಕ್ಕೆ ನೇರ ಗೆರೆ ಎಳೆದರೆ ಸುಮಾರು 650 ಕಿಲೋಮೀಟರ್. ಡಕೋಟಾಗೆ ಹೋಗಲಿಕ್ಕೇ ಎರಡೂವರೆ ಮೂರು ಗಂಟೆ ಬೇಕು. ಅಲ್ಲಿ ಪೆಟ್ರೋಲ್ ತುಂಬುವ ವ್ಯವಸ್ಥೆ ಇಲ್ಲ. ಹಾಗಾಗಿ ವಾಪಸ್ ಬರುವ ಪೆಟ್ರೋಲನ್ನೂ ಇಲ್ಲಿಂದಲೇ ಹೊತ್ತು ಹೋಗಬೇಕು. ಪೆಟ್ರೋಲ್ ಜಾಸ್ತಿ ಆದರೆ ಸೈನಿಕರು ಕಡಿಮೆ. ಅಕ್ಟೋಬರ್ ಕೊನೆಯಲ್ಲಿ ಹಗಲೂ ಚಿಕ್ಕದು. ದಾರಿಯಲ್ಲಿ ದಾಟಬೇಕಾದ ಬನಿಹಾಲ್ ಬೆಟ್ಟಗಳ ಮೇಲೆ ಮೋಡ ಕೂತರೆ ಮುಗಿಯಿತು.

ವಿಮಾನ ವಾಪಸ್ ಬಂದ ತಕ್ಷಣ ಎಣ್ಣೆ ನೋಡಬೇಕು, ಟೈರ್ ನೋಡಬೇಕು, ಎರಡು ಎಂಜಿನ್ ಸುತ್ತ ಕೈಯಾಡಿಸಬೇಕು. ಮಣ್ಣಿನ ಪಟ್ಟಿಯ ಧೂಳು ತಿಂದು ಬಂದ ಎಂಜಿನ್ ಅದು. ಅಷ್ಟು ಹೊತ್ತಿಗೆ ಮುಂದಿನ ಲೋಡು ಬಾಗಿಲಲ್ಲಿ ಕಾಯುತ್ತಿರುತ್ತದೆ. ಹೀಗೆ ಮೂರು ವಾರ. ಪೈಲಟ್‌ಗಳಿಗೆ ಪದಕ ಬಂತು, ಬರಲೇಬೇಕು. ಎಂಜಿನ್ ನಿಲ್ಲದ ಹಾಗೆ ನೋಡಿಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಸುಮ್ನೆ ಅಭಿಮಾನಕ್ಕೆ ಹೇಳುತ್ತಿಲ್ಲ. 704 ಅನ್ನುವ ಸಂಖ್ಯೆಯಲ್ಲಿ ಅವರೂ ಇದ್ದಾರೆ.

ನಕ್ಷೆಮನೆ

ಒಂದು ತಿದ್ದುಪಡಿ ಸೇರಿಸಲೇಬೇಕು. 704ರಷ್ಟನ್ನೂ ಒಂದೇ ಸ್ಕ್ವಾಡ್ರನ್‌ನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆ ದಿನಗಳಲ್ಲಿ ಖಾಸಗಿ ವಿಮಾನ ಕಂಪನಿಗಳ ಡಕೋಟಾಗಳನ್ನೂ ಸರ್ಕಾರ ಕರೆಸಿಕೊಂಡಿತ್ತು. ಆ ಪೈಲಟ್‌ಗಳು ಸಮವಸ್ತ್ರ ಹಾಕಿದವರಲ್ಲ. ಹಿಂದಿನ ವಾರ ಪ್ರಯಾಣಿಕರನ್ನು ಕರೆದೊಯ್ಯುತ್ತಿದ್ದವರು ಈ ವಾರ ಬಂದೂಕು ಹಿಡಿದವರನ್ನು ಇಳಿಸುತ್ತಿದ್ದರು. ಕಳಿಂಗ ಏರ್‌ಲೈನ್ಸ್‌ನ ಬಿಜು ಪಟ್ನಾಯಕ್ ಅವರ ಹೆಸರು ಈ ಹಾರಾಟದ ಜೊತೆ ಇಂದಿಗೂ ಕೇಳಿಬರುತ್ತದೆ. ಮುಂದೆ ಒಡಿಶಾದ ಮುಖ್ಯಮಂತ್ರಿ ಆದವರು. ಮೊದಲ ವಿಮಾನ ಇಳಿಸಿದ್ದು ಅವರೇ ಅಂತ ಹೇಳುವವರಿದ್ದಾರೆ. ಭಾಟಿಯಾ ಅಂತ ಹೇಳುವವರಿದ್ದಾರೆ. ಆ ಜಗಳಕ್ಕೆ ಈ ಚರ್ಚೆ ಇಳಿಯದಿದ್ದರೆ ಒಳ್ಳೆಯದು ಅಂತ ನನ್ನ ವಿನಂತಿ.

ಡಕೋಟಾಪ್ರಿಯ

ನಕ್ಷೆಮನೆ ಅವರೇ, ಒಪ್ಪಿದೆ. ನಾನು ಬರೆದ ರೀತಿಯಲ್ಲಿ ಅದು ಮರೆಯಾಗಿತ್ತು. ಒಂದೇ ಸಾಗಣೆ ಸ್ಕ್ವಾಡ್ರನ್ ಇದ್ದ ದೇಶಕ್ಕೆ ಬೇರೆ ದಾರಿಯೂ ಇರಲಿಲ್ಲ. ಆದರೆ ಖಾಸಗಿ ವಿಮಾನಗಳು ಬರಲಾಗದ ಜಾಗಗಳೂ ಇದ್ದವು. ಅಲ್ಲಿ 12ನೇ ಸ್ಕ್ವಾಡ್ರನ್‌ನ ನಿಜವಾದ ಪರೀಕ್ಷೆ ಆಯಿತು. ಪೂಂಛ್ ಅಂಥ ಜಾಗ.

1947ರ ನವೆಂಬರ್‌ನಲ್ಲಿ ಪೂಂಛ್ ಪಟ್ಟಣ ಸುತ್ತುವರಿಯಲ್ಪಟ್ಟಿತು. ಒಳಗೆ ಬ್ರಿಗೇಡಿಯರ್ ಪ್ರೀತಮ್ ಸಿಂಗ್ ಅವರ ಪಡೆ. ಅವರ ಜೊತೆ ಸುತ್ತಲಿನ ಹಳ್ಳಿಗಳಿಂದ ಓಡಿ ಬಂದ ಸಾವಿರಾರು ಜನ, 40 ಸಾವಿರದ ಹತ್ತಿರ ಅಂತ ಲೆಕ್ಕ. ರಸ್ತೆ ಕಡಿದುಹೋಗಿತ್ತು. ಧಾನ್ಯ ಮುಗಿಯುತ್ತಾ ಬಂದಿತ್ತು. ಆಗ ಊರೊಳಗೇ ಒಂದು ವಿಮಾನಪಟ್ಟಿ ಮಾಡಿದರು. ಸೈನಿಕರ ಜೊತೆ ನಿರಾಶ್ರಿತರೂ ಗುದ್ದಲಿ ಹಿಡಿದರು. ಉದ್ದ ಸುಮಾರು 600 ಗಜ. ಮೂರು ಕಡೆ ಹಳ್ಳ, ಸುತ್ತ ಬೆಟ್ಟ, ಬೆಟ್ಟದ ಮೇಲೆ ಶತ್ರು.

ಡಿಸೆಂಬರ್‌ನಲ್ಲಿ ಮೊದಲ ಡಕೋಟಾ ಇಳಿಸಿದವರು ಏರ್ ಕಮೋಡೋರ್ ಮೆಹರ್ ಸಿಂಗ್. ಎಲ್ಲರೂ 'ಬಾಬಾ' ಅನ್ನುತ್ತಿದ್ದರು. ಬರ್ಮಾ ಯುದ್ಧದಲ್ಲಿ 6ನೇ ಸ್ಕ್ವಾಡ್ರನ್ ನಡೆಸಿ ಡಿಎಸ್‌ಒ ಅನ್ನುವ ಬ್ರಿಟಿಷ್ ಸೇನಾ ಪದಕ ಪಡೆದವರು. ಕಾಶ್ಮೀರದಲ್ಲಿ ಅವರು ಸ್ಕ್ವಾಡ್ರನ್‌ಗಿಂತ ಮೇಲಿನ ಹುದ್ದೆಯಲ್ಲಿದ್ದರು, ಇಡೀ ಕಾರ್ಯಾಚರಣೆ ಗುಂಪಿನ ಮುಖ್ಯಸ್ಥ. ಆದರೂ ಅಪಾಯದ ಮೊದಲ ಇಳಿತ ತಾನೇ ಮಾಡುತ್ತಿದ್ದರು. ತನ್ನ ಹುಡುಗರನ್ನು ಕಳಿಸುವ ಮೊದಲು ತಾನು ಹೋಗಿ ನೋಡಬೇಕು ಅನ್ನುವ ಜಾತಿಯ ಮನುಷ್ಯ.

ಆಮೇಲೆ ಸ್ಕ್ವಾಡ್ರನ್ ಬರುತ್ತಲೇ ಇತ್ತು. ಒಳಗೆ ಹೋಗುವಾಗ ಧಾನ್ಯ, ಗುಂಡು, ಔಷಧ. ಹೊರಗೆ ಬರುವಾಗ ಗಾಯಾಳುಗಳು, ಹೆಂಗಸರು, ಮಕ್ಕಳು. ಶತ್ರುವಿನ ಫಿರಂಗಿಗಳು ಪಟ್ಟಿಗೇ ಗುರಿಯಿಟ್ಟಾಗ ಪ್ರತಿಯಾಗಿ ಹೊಡೆಯಲು ಒಳಗೆ ತೋಪು ಬೇಕಾಯಿತು. 3.7 ಇಂಚಿನ ಬೆಟ್ಟದ ತೋಪುಗಳನ್ನೂ ಡಕೋಟಾದಲ್ಲೇ ಒಯ್ದರು. ಹಗಲು ಇಳಿಯಲಾಗದಿದ್ದಾಗ ರಾತ್ರಿ ಎಣ್ಣೆ ದೀಪಗಳ ಸಾಲು ನೋಡಿ ಇಳಿದರು. ಪೂಂಛ್‌ಗೆ ರಸ್ತೆ ಮತ್ತೆ ತೆರೆದದ್ದು 1948ರ ನವೆಂಬರ್‌ನಲ್ಲಿ. ಒಂದು ವರ್ಷ!

ಹಳೇ ಫಿಟ್ಟರ್

ಆ ಬೆಟ್ಟದ ತೋಪುಗಳ ಬಗ್ಗೆ ಒಂದು ಮಾತು. ಹೇಸರಗತ್ತೆಗಳ ಬೆನ್ನ ಮೇಲೆ ಒಯ್ಯಲಿಕ್ಕೆ ಅಂತಲೇ ಮಾಡಿದ ತೋಪು ಅದು. ಬಿಚ್ಚಿ ತುಂಡು ತುಂಡು ಮಾಡಬಹುದು. ಹಾಗಾಗಿಯೇ ಡಕೋಟಾದ ಪಕ್ಕದ ಬಾಗಿಲಲ್ಲಿ ಹಿಡಿಸಿತು. ಡಕೋಟಾ ಬಾಲ ಕೆಳಗಿಟ್ಟು ನಿಲ್ಲುವ ವಿಮಾನ. ನೆಲದಲ್ಲಿದ್ದಾಗ ಒಳಗಿನ ಹಲಗೆ ಇಳಿಜಾರು. ಭಾರದ ಸಾಮಾನನ್ನು ಬಾಗಿಲಿಂದ ಒಳಗೆ ಹಾಕಿ, ಮುಂದಕ್ಕೆ ಅಂದರೆ ಏರು ಕಡೆಗೆ ತಳ್ಳಬೇಕು. ಮಾಡಿ ನೋಡಿದವರಿಗೇ ಗೊತ್ತು ಸೊಂಟದ ಪಾಡು. ಕಟ್ಟಿದ ಹಗ್ಗ ಸಡಿಲವಾಗಿ ಲೋಡು ಹಿಂದಕ್ಕೆ ಜಾರಿದರೆ ವಿಮಾನದ ತೂಕದ ಕೇಂದ್ರವೇ ಬದಲಾಗುತ್ತದೆ. 600 ಗಜದ ಪಟ್ಟಿಯಿಂದ ಏಳುವಾಗ ಹಾಗಾದರೆ ಉಳಿಯುವ ಮಾತೇ ಇಲ್ಲ.

ಮಡಿಕೇರಿ ಮಂಜು

ಕೊಡಗಿನವನಾಗಿ ಲೇಹ್ ಬಗ್ಗೆ ಬರೆಯದೆ ಇರಲಾರೆ. 1948ರ ಮೇ 24ರಂದು ಮೆಹರ್ ಸಿಂಗ್ ಲೇಹ್‌ನಲ್ಲಿ ಮೊದಲ ಡಕೋಟಾ ಇಳಿಸಿದರು. ಅವರ ಜೊತೆ ಕೂತಿದ್ದವರು ನಮ್ಮ ಜನರಲ್ ತಿಮ್ಮಯ್ಯ. ಆಗ ಮೇಜರ್ ಜನರಲ್, ಆ ಭಾಗದ ಡಿವಿಷನ್ ಅವರ ಕೈಗೆ ಬಂದದ್ದೇ ಆ ತಿಂಗಳು. ಡಕೋಟಾಗೆ ಒತ್ತಡ ಕಾಪಾಡುವ ಕ್ಯಾಬಿನ್ ಇಲ್ಲ. ಆ ದಾರಿಯ ಸರಿಯಾದ ನಕ್ಷೆ ಇಲ್ಲ. ಜೋಜಿ ಲಾ, ಫೋತು ಲಾ ಕಣಿವೆಗಳ ಮೇಲೆ, 20 ಸಾವಿರ ಅಡಿಗೂ ಮೇಲಿನ ಶಿಖರಗಳ ನಡುವೆ ಹೋಗಬೇಕು. ಒಂದು ಎಂಜಿನ್ ನಿಂತರೆ ಅಷ್ಟು ಎತ್ತರದಲ್ಲಿ ಉಳಿಯುವ ಶಕ್ತಿ ಡಕೋಟಾಗಿಲ್ಲ. ಕೆಳಗೆ ಇಳಿಯಲು ಜಾಗವೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ತಿಮ್ಮಯ್ಯನವರು ಹತ್ತಿ ಕೂತರು. ಡಿವಿಷನ್ ಕಮಾಂಡರ್ ತಾನೇ ಬಂದಿಳಿದ ಮೇಲೆ ಲೇಹ್‌ನ ಜನಕ್ಕೆ ನಮ್ಮನ್ನು ಕೈಬಿಡುವುದಿಲ್ಲ ಅಂತ ಧೈರ್ಯ ಬಂದಿರಬೇಕು. ಆಮೇಲಿನ ದಿನಗಳಲ್ಲಿ ಡಕೋಟಾಗಳಲ್ಲಿ ಗೂರ್ಖಾ ಸೈನಿಕರು ಬಂದಿಳಿದರು. ಲೇಹ್ ಉಳಿಯಿತು.

ಸುಮತಿ ಟೀಚರ್

ನಾನು ಭೌತಶಾಸ್ತ್ರ ಪಾಠ ಮಾಡುವವಳು. ಲೇಹ್‌ನಲ್ಲಿ ಇಳಿಯುವುದು ಯಾಕೆ ಅಷ್ಟು ಕಷ್ಟ ಅನ್ನುವುದಕ್ಕೆ ಒಂದು ಚಿಕ್ಕ ಲೆಕ್ಕ.

11 ಸಾವಿರ ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಸುಮಾರು 72 ಶೇಕಡಾ. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ಅಷ್ಟೇ ಗಾಳಿ ಅದರ ಮೇಲೆ ಹಾಯಬೇಕು. ಗಾಳಿ ತೆಳುವಾದರೆ ವೇಗ ಹೆಚ್ಚಬೇಕು. ವರ್ಗಮೂಲದ ಲೆಕ್ಕ ಹಾಕಿದರೆ ನಿಜವಾದ ವೇಗ ಸುಮಾರು 18 ಶೇಕಡಾ ಜಾಸ್ತಿ ಆಗುತ್ತದೆ. ಪೈಲಟ್ ಮುಂದಿನ ವೇಗದ ಮೀಟರ್ ಮಾತ್ರ ಅದೇ ಹಳೇ ಸಂಖ್ಯೆ ತೋರಿಸುತ್ತದೆ. ಮೀಟರ್ ನಿಧಾನ ಅನ್ನುತ್ತಿರುತ್ತದೆ, ನೆಲ ಜೋರಾಗಿ ಓಡಿ ಬರುತ್ತಿರುತ್ತದೆ. ಇಳಿದ ಮೇಲೆ ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ಸುಮಾರು 40 ಶೇಕಡಾ ಜಾಸ್ತಿ. ಅದರ ಮೇಲೆ ಎಂಜಿನ್‌ಗೂ ಉಸಿರು ಸಾಲದು. ಏಳುವಾಗ ಕಷ್ಟ ಇನ್ನೂ ಹೆಚ್ಚು. ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಏಳುತ್ತದೆ, ಬಿಸಿಲಿಗೆ ಗಾಳಿ ಮತ್ತಷ್ಟು ತೆಳುವಾಗುತ್ತದೆ. ಇವತ್ತಿಗೂ ಲೇಹ್‌ಗೆ ಹೋಗುವ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹೋಗುವುದು ಇದಕ್ಕೇ.

ಇದನ್ನು ಮಕ್ಕಳಿಗೆ ಹೇಳಿದಾಗ ಅವರು ಕೇಳುವ ಮೊದಲ ಪ್ರಶ್ನೆ, ಅಷ್ಟು ಉದ್ದದ ಪಟ್ಟಿ ಅಲ್ಲಿ ಯಾರು ಮಾಡಿದರು ಮಿಸ್ ಅಂತ. ಗೊತ್ತಿದ್ದವರು ಬರೆಯಿರಿ.

ನಕ್ಷೆಮನೆ

ಟೀಚರ್, ಒಳ್ಳೆಯ ಪ್ರಶ್ನೆ. ಸೋನಮ್ ನೊರ್ಬು ಅನ್ನುವ ಲಡಾಖಿ ಎಂಜಿನಿಯರ್. 1948ರ ಚಳಿಗಾಲದಲ್ಲಿ ಮೇಜರ್ ಪೃಥಿ ಚಂದ್ ಅವರ ಸಣ್ಣ ತಂಡ ಹಿಮ ತುಂಬಿದ ಜೋಜಿ ಲಾ ಕಣಿವೆಯನ್ನು ನಡೆದೇ ದಾಟಿ ಲೇಹ್ ಸೇರಿತು. ನೊರ್ಬು ಆ ತಂಡದ ಜೊತೆ ಬಂದವರು. ಸಿಂಧೂ ನದಿಯ ಹತ್ತಿರದ ಬಯಲಿನಲ್ಲಿ ಊರಿನ ಜನರನ್ನು ಸೇರಿಸಿ ಪಟ್ಟಿ ಮಾಡಿಸಿದರು. ಯಂತ್ರ ಇಲ್ಲ. ಕೈ, ಬುಟ್ಟಿ, ಗುದ್ದಲಿ, ಅಷ್ಟೇ.

ಇಲ್ಲಿ ಡಕೋಟಾಪ್ರಿಯ ಅವರ ಮಾತಿಗೆ ನನ್ನ ತಕರಾರು ಇದೆ. ಸ್ಕ್ವಾಡ್ರನ್ ಪಟ್ಟಿಯನ್ನು ತೆರೆದಿಟ್ಟಿತು ಅಂದಿರಿ. ಪೂಂಛ್ ಪಟ್ಟಿಯನ್ನು ಮಾಡಿದ್ದು ನಿರಾಶ್ರಿತರು. ಲೇಹ್ ಪಟ್ಟಿಯನ್ನು ಮಾಡಿದ್ದು ಲಡಾಖಿಗಳು. ಶ್ರೀನಗರದ ಪಟ್ಟಿ ಕೈತಪ್ಪದ ಹಾಗೆ ನೋಡಿಕೊಂಡದ್ದು ಕಾಲಾಳುಗಳು. ರಂಜಿತ್ ರೈ ಬಂದಿಳಿದ ಸ್ವಲ್ಪದರಲ್ಲೇ ಬಾರಾಮುಲ್ಲಾ ಕಡೆಯ ಕಾದಾಟದಲ್ಲಿ ತೀರಿಹೋದರು. ನವೆಂಬರ್ 3ರಂದು ದಾಳಿಕೋರರು ವಿಮಾನ ನಿಲ್ದಾಣದ ಹತ್ತಿರದ ಬಡಗಾಮ್‌ಗೆ ಬಂದರು. ಅವತ್ತು 4 ಕುಮಾವೂಂನ ಮೇಜರ್ ಸೋಮನಾಥ ಶರ್ಮಾ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಹೋರಾಡಿ ಸತ್ತರು. ದೇಶದ ಮೊದಲ ಪರಮವೀರ ಚಕ್ರ ಅವರದು. ಅವತ್ತು ಬಡಗಾಮ್ ಬಿದ್ದಿದ್ದರೆ ಯಾವ ಡಕೋಟಾಗೂ ಇಳಿಯಲು ಜಾಗ ಇರುತ್ತಿರಲಿಲ್ಲ.

ಡಕೋಟಾಪ್ರಿಯ

ರಾತ್ರಿ ಪೂರ್ತಿ ಇದನ್ನೇ ಯೋಚಿಸಿದೆ. ನಿಮ್ಮ ಮಾತು ಸರಿ. ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ: ಪಟ್ಟಿಯ ಎರಡೂ ತುದಿ ಲೆಕ್ಕಕ್ಕೆ ಬರಬೇಕು. ಒಂದು ತುದಿಯಲ್ಲಿ ಗುದ್ದಲಿ ಹಿಡಿದವರು, ಬಂದೂಕು ಹಿಡಿದವರು. ಇನ್ನೊಂದು ತುದಿಯಲ್ಲಿ ಹಾರಿ ಬಂದವರು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ನಿಲ್ಲುತ್ತದೆ.

ಆದರೆ ಲೇಹ್‌ಗಿಂತ ಉತ್ತರಕ್ಕಿರುವ ಬಾಲ್ಟಿಸ್ತಾನದ ಸ್ಕರ್ದು ನೋಡಿ. ಅಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಅವರ ಪಡೆ 1948ರ ಫೆಬ್ರವರಿಯಿಂದ ಮುತ್ತಿಗೆಯಲ್ಲಿತ್ತು. ಧೈರ್ಯಕ್ಕೆ ಕೊರತೆ ಇತ್ತಾ? ಖಂಡಿತ ಇಲ್ಲ. ನಡೆದು ಬರಲು ಹೊರಟ ಸಹಾಯದ ಪಡೆಗಳು ದಾರಿಯಲ್ಲೇ ಸಿಕ್ಕಿಬಿದ್ದವು. ಡಕೋಟಾ ಇಳಿಯುವ ಪಟ್ಟಿ ಅವರ ಕೈಯಲ್ಲಿ ಇರಲಿಲ್ಲ. ಕಿರಿದಾದ ಬೆಟ್ಟಗಳ ನಡುವೆ ನಿಧಾನವಾಗಿ ಹಾರಿ ಸಾಮಾನು ಉದುರಿಸುವುದೂ ಆಗಲಿಲ್ಲ. ಕೊನೆಗೆ ಟೆಂಪೆಸ್ಟ್ ಫೈಟರ್ ವಿಮಾನಗಳ ರೆಕ್ಕೆಗೆ ಡಬ್ಬ ಕಟ್ಟಿ ಮದ್ದುಗುಂಡು ಹಾಕಿದರು. ಫೈಟರ್ ಎಷ್ಟು ಹೊರಬಲ್ಲದು ಹೇಳಿ! ಆಗಸ್ಟ್ 14ರಂದು ಸ್ಕರ್ದು ಬಿತ್ತು. ಆರು ತಿಂಗಳು ಹಿಡಿದುಕೊಂಡಿದ್ದರು. ಪೂಂಛ್‌ಗೂ ಸ್ಕರ್ದುಗೂ ಇದ್ದ ದೊಡ್ಡ ವ್ಯತ್ಯಾಸ ಆ 600 ಗಜ ಅಂತ ನಾನು ನಂಬಿದ್ದೇನೆ. ಸ್ಕರ್ದು ಬಗ್ಗೆ ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಓದುಗ ಕಿರಣ

ಎಲ್ಲರಿಗೂ ವಂದನೆ. ಡಕೋಟಾದಿಂದ ಬಾಂಬ್ ಹಾಕಿದ್ದರು ಅಂತ ಎಲ್ಲೋ ಕೇಳಿದ ನೆನಪು. ನಿಜವಾ? ಇನ್ನೊಂದು, ಈಗ ವಾಯುಪಡೆ ದಿನದಂದು ಹಾರುವ 'ಪರಶುರಾಮ' ಅನ್ನುವ ಡಕೋಟಾ ಅವತ್ತು ಶ್ರೀನಗರಕ್ಕೆ ಹೋದದ್ದೇನಾ?

ಹಳೇ ಫಿಟ್ಟರ್

ಬಾಂಬ್ ವಿಷಯ ನಿಜ ಕಿರಣ್. ಅದೂ ಮೆಹರ್ ಸಿಂಗ್ ಅವರ ಕಾಲದ್ದೇ. ಡಕೋಟಾದಲ್ಲಿ ಬಾಂಬ್ ಹಾಕುವ ಗೂಡೂ ಇಲ್ಲ, ಗುರಿ ನೋಡುವ ಯಂತ್ರವೂ ಇಲ್ಲ. ಬಾಗಿಲ ಹತ್ತಿರ ತಂದು ಕೈಯಿಂದಲೇ ಹೊರಗೆ ಉರುಳಿಸಿದರು. ರಾತ್ರಿ ಹೋಗಿ ಪೂಂಛ್ ಸುತ್ತಲಿನ ಫಿರಂಗಿ ನೆಲೆಗಳ ಮೇಲೆ ಹಾಕಿದರು. ಆ ಪಾಠ ಮರೆಯಲಿಲ್ಲ ನೋಡಿ. 1971ರಲ್ಲಿ 44ನೇ ಸ್ಕ್ವಾಡ್ರನ್‌ನ ಆನ್-12 ಸಾಗಣೆ ವಿಮಾನಗಳು ಪಾಕಿಸ್ತಾನದ ಛಂಗಾ ಮಂಗಾ ಕಾಡಿನ ಮದ್ದುಗುಂಡು ಕೋಠಿ ಮೇಲೆ ಬಾಂಬ್ ಹಾಕಿದವು. ವಿಂಗ್ ಕಮಾಂಡರ್ ವಸಿಷ್ಠ್ ಅವರಿಗೆ ಮಹಾವೀರ ಚಕ್ರ ಬಂತು.

ಪರಶುರಾಮ ಅದೇ ವಿಮಾನ ಅಲ್ಲ. ಬ್ರಿಟನ್‌ನಲ್ಲಿ ಹಾಳಾಗಿ ಬಿದ್ದಿದ್ದ ಒಂದು ಡಕೋಟಾವನ್ನು ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ಕೊಂಡು, ಸರಿಮಾಡಿಸಿ 2018ರಲ್ಲಿ ವಾಯುಪಡೆಗೆ ಕೊಟ್ಟರು. ಅವರ ತಂದೆ ಏರ್ ಕಮೋಡೋರ್ ಎಂ. ಕೆ. ಚಂದ್ರಶೇಖರ್ ಡಕೋಟಾ ಹಾರಿಸಿದವರು. ಶ್ರೀನಗರಕ್ಕೆ ಹೋದ ಡಕೋಟಾದ ನೆನಪಿಗೆ ಬಾಲದ ಮೇಲೆ ವಿಪಿ 905 ಅಂತ ಬರೆದಿದ್ದಾರೆ. ಬೇರೆ ವಿಮಾನ ಆದರೇನು, ಅದರ ಎಂಜಿನ್ ಸದ್ದು ಕೇಳಿದ ದಿನ ನನ್ನ ಕಣ್ಣು ಒದ್ದೆಯಾಯಿತು.

ಮಡಿಕೇರಿ ಮಂಜು

ನಮ್ಮ ಕರ್ನಾಟಕದ ನಂಟು ಇನ್ನೂ ಇದೆ ಅಲ್ವಾ ಸರ್? ಎಚ್‌ಎಎಲ್?

ಹಳೇ ಫಿಟ್ಟರ್

ಇದೆ ಮಂಜು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅಮೆರಿಕದ ವಾಯುಪಡೆಯ ದೊಡ್ಡ ರಿಪೇರಿ ಕೇಂದ್ರ ಆಗಿತ್ತು. ಡಕೋಟಾಗಳೂ ಅಲ್ಲಿಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಮಿಕ್ಕ ಡಕೋಟಾಗಳನ್ನು ಅಲ್ಲೇ ಸರಿಮಾಡಿ ಕೊಟ್ಟರು.

ಐವತ್ತರ ದಶಕದಲ್ಲಿ 12ನೇ ಸ್ಕ್ವಾಡ್ರನ್‌ಗೆ ಪ್ಯಾಕೆಟ್ ಬಂತು, ಸಿ-119. ಎತ್ತರದಲ್ಲಿ ಅದಕ್ಕೂ ಶಕ್ತಿ ಸಾಲುತ್ತಿರಲಿಲ್ಲ. ಬೆನ್ನ ಮೇಲೆ ಒಂದು ಆರ್ಫಿಯಸ್ ಜೆಟ್ ಎಂಜಿನ್ ಕೂರಿಸಿದರು. ಅಂಥ ಪ್ಯಾಕೆಟ್ ಒಂದನ್ನು 1962ರ ಜುಲೈನಲ್ಲಿ ಸ್ಕ್ವಾಡ್ರನ್ ಲೀಡರ್ ರಾಜೆ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು, 16 ಸಾವಿರ ಅಡಿಗೂ ಮೇಲೆ. ಟೀಚರ್ ಆ ಲೆಕ್ಕವನ್ನೂ ಒಮ್ಮೆ ಹಾಕಿ ಕೊಡಬೇಕು.

ಸುಮತಿ ಟೀಚರ್

ಹಾಕಿದೆ ಸರ್. 16,500 ಅಡಿ ಅಂತ ಇಟ್ಟುಕೊಂಡರೆ ಗಾಳಿ ಸುಮಾರು 60 ಶೇಕಡಾ. ವೇಗ ಸುಮಾರು 30 ಶೇಕಡಾ ಜಾಸ್ತಿ, ನಿಲ್ಲುವ ದೂರ ಸುಮಾರು 67 ಶೇಕಡಾ ಜಾಸ್ತಿ. ನಾಳೆ ಕ್ಲಾಸಿನಲ್ಲಿ ಇದನ್ನೇ ಕೊಡುತ್ತೇನೆ.

ಇನ್ನೊಂದು ಪ್ರಶ್ನೆ. ಇಳಿಯಲು ಜಾಗವೇ ಇಲ್ಲದ ಕಡೆ ಧಾನ್ಯವನ್ನು ಮೇಲಿಂದ ಹಾಕುತ್ತಿದ್ದರಲ್ಲ, ಚೀಲ ಒಡೆದು ಚೆಲ್ಲಿಹೋಗುತ್ತಿರಲಿಲ್ವಾ?

ಹಳೇ ಫಿಟ್ಟರ್

ಅದಕ್ಕೊಂದು ಉಪಾಯ ಇದೆ ಟೀಚರ್. ಪ್ಯಾರಾಚೂಟ್ ಇಲ್ಲದೆ ಹಾಕುವುದನ್ನು ಫ್ರೀ ಡ್ರಾಪ್ ಅನ್ನುತ್ತಾರೆ. ಅಕ್ಕಿಯನ್ನು ಒಂದು ಗೋಣಿಚೀಲಕ್ಕೆ ತುಂಬಿ, ಆ ಚೀಲವನ್ನು ಅದಕ್ಕಿಂತ ದೊಡ್ಡ ಇನ್ನೊಂದು ಚೀಲದೊಳಗೆ ಸಡಿಲವಾಗಿ ಇಟ್ಟು ಹೊಲಿಯುತ್ತಾರೆ. ನೆಲಕ್ಕೆ ಬಿದ್ದಾಗ ಒಳಗಿನದು ಒಡೆಯುತ್ತದೆ, ಹೊರಗಿನದು ಹಿಡಿದುಕೊಳ್ಳುತ್ತದೆ. ಒಳಚೀಲವನ್ನು ಬಿಗಿಯಾಗಿ ತುಂಬಬಾರದು. ಹೊಲಿಗೆ ಬಿಗಿ ಇರಬೇಕು.

ವಿಮಾನದ ಬಾಗಿಲು ತೆಗೆದುಬಿಟ್ಟಿರುತ್ತಾರೆ. ಚೀಲಗಳನ್ನು ಬಾಗಿಲ ಬಾಯಲ್ಲಿ ಪೇರಿಸಿ, ಹಿಂದೆ ಸೈನ್ಯದ ಹುಡುಗರು ಬೆನ್ನು ಕೊಟ್ಟು, ಕಾಲು ಮಡಿಸಿ ಕೂತಿರುತ್ತಾರೆ. ಪೈಲಟ್ ಕಣಿವೆಯೊಳಗೆ ತಗ್ಗಿ ಬರುತ್ತಾನೆ. ಗಂಟೆ ಹೊಡೆಯುತ್ತದೆ. ಎಲ್ಲರೂ ಒಟ್ಟಿಗೆ ಕಾಲಲ್ಲಿ ಒದೆಯುತ್ತಾರೆ. ಕೆಲವೇ ಸೆಕೆಂಡ್. ತಡವಾದರೆ ಚೀಲ ಬೆಟ್ಟದ ಆಚೆ. ವಿಮಾನ ಸುತ್ತಿಕೊಂಡು ಮತ್ತೆ ಬರುತ್ತದೆ, ಅಷ್ಟರಲ್ಲಿ ಮುಂದಿನ ಚೀಲಗಳನ್ನು ಬಾಗಿಲಿಗೆ ಎಳೆದಿಡಬೇಕು. ಬಾಗಿಲಿಲ್ಲದ ವಿಮಾನದಲ್ಲಿ, ಆ ಚಳಿಯಲ್ಲಿ, ತೆಳು ಗಾಳಿಯಲ್ಲಿ. ಲೋಡು ಖಾಲಿ ಆಗುವವರೆಗೂ ಹೀಗೇ ಸುತ್ತುತ್ತಿರುತ್ತಾರೆ.